ಸರ್ಟಿಫೈಡ್ ಲಕ್ಷುರಿ ಕಾರಿನ ವಾರಂಟಿ: ಕೆಟ್ಟಾಗ ದುಡ್ಡು ಕೊಡುವವರು ಯಾರು?

ಶೋರೂಮಿನಿಂದ ಹೊರಬಂದಾಗ 70 ಲಕ್ಷ ರೂಪಾಯಿ ಇದ್ದ ಕಾರು ಐದು ವರ್ಷ ಓಡಿದ ಮೇಲೆ 30 ಲಕ್ಷಕ್ಕೆ ಸಿಗುತ್ತದೆ ಎಂದುಕೊಳ್ಳಿ. ಕಾರಿನ ಬೆಲೆ ಇಳಿಯಿತು. ಅದರ ಗೇರ್‌ಬಾಕ್ಸ್, ಟರ್ಬೊ, ಏರ್ ಸಸ್ಪೆನ್ಷನ್‌ಗಳ ಬೆಲೆ ಇಳಿಯಲಿಲ್ಲ. ಬಿಡಿಭಾಗಗಳ ಲೆಕ್ಕದಲ್ಲಿ ಅದು ಇವತ್ತಿಗೂ 70 ಲಕ್ಷದ ಕಾರೇ. ಜೊತೆಗೆ ಈ ದುಬಾರಿ ಭಾಗಗಳು ಕೈಕೊಡಲು ಶುರುಮಾಡುವುದೂ ಹೆಚ್ಚುಕಡಿಮೆ ಇದೇ ವಯಸ್ಸಿನಲ್ಲಿ. ಹಾಗಾಗಿ ಸೆಕೆಂಡ್ ಹ್ಯಾಂಡ್ ಮರ್ಸಿಡಿಸ್, ಬಿಎಂಡಬ್ಲ್ಯು, ಔಡಿ ಕೊಳ್ಳುವವರು ಬೆಲೆಯ ಚೌಕಾಸಿಗೆ ಎಷ್ಟು ಹೊತ್ತು ಕೂರುತ್ತಾರೋ ಅಷ್ಟೇ ಹೊತ್ತು ವಾರಂಟಿಯ ಕಾಗದ ಓದಲೂ ಕೂರಬೇಕು. ಬಹುತೇಕರು ಹಾಗೆ ಮಾಡುವುದಿಲ್ಲ. ‘ಎರಡು ವರ್ಷ ವಾರಂಟಿ ಇದೆ ಸರ್’ ಎಂಬ ಒಂದು ಮಾತಿಗೆ ಟೋಕನ್ ಅಡ್ವಾನ್ಸ್ ಕೊಟ್ಟುಬಿಡುತ್ತಾರೆ.

ವರ್ಷದ ಸಂಖ್ಯೆ ಹೇಳುವುದು ತೀರಾ ಕಡಿಮೆ. ಹಣ ಕೊಡುವವರು ಯಾರು, ಯಾವ ದಿನದಿಂದ ಯಾವ ದಿನದವರೆಗೆ, ಯಾವ ಭಾಗಕ್ಕೆ, ಎಷ್ಟು ರೂಪಾಯಿವರೆಗೆ ಎಂಬ ನಾಲ್ಕು ಪ್ರಶ್ನೆಗೆ ಉತ್ತರ ಬರವಣಿಗೆಯಲ್ಲಿ ಸಿಕ್ಕಾಗಲೇ ಆ ವಾರಂಟಿಯ ನಿಜವಾದ ಬೆಲೆ ಗೊತ್ತಾಗುವುದು.

‘ಸರ್ಟಿಫೈಡ್’ ಎಂದವರು ಯಾರು?

ಭಾರತದಲ್ಲಿ ತಯಾರಕರೇ ನಡೆಸುವ ಹಳೆಯ ಕಾರುಗಳ ಯೋಜನೆಗಳಿವೆ: ಮರ್ಸಿಡಿಸ್-ಬೆಂಜ್ ಸರ್ಟಿಫೈಡ್, ಬಿಎಂಡಬ್ಲ್ಯು ಪ್ರೀಮಿಯಂ ಸೆಲೆಕ್ಷನ್, ಔಡಿ ಅಪ್ರೂವ್ಡ್ ಪ್ಲಸ್, ಪೋರ್ಷ ಅಪ್ರೂವ್ಡ್ ಮುಂತಾದವು. ಇವುಗಳಲ್ಲಿ ಆ ಬ್ರಾಂಡಿನ ಅಧಿಕೃತ ಡೀಲರೇ ಕಾರನ್ನು ಪರೀಕ್ಷಿಸಿ, ಬೇಕಾದ ರಿಪೇರಿ ಮಾಡಿ, ವಾರಂಟಿ ಸೇರಿಸಿ ಮಾರುತ್ತಾರೆ. ಪೋರ್ಷ ತನ್ನ ಪರೀಕ್ಷೆಯಲ್ಲಿ 111 ಅಂಶಗಳನ್ನು ನೋಡುತ್ತದೆ. ಉಳಿದ ಬ್ರಾಂಡುಗಳಿಗೂ ಅಂಥದೇ ಪಟ್ಟಿಗಳಿವೆ. ಇತ್ತ ಎಲ್ಲ ಬ್ರಾಂಡಿನ ಕಾರುಗಳನ್ನೂ ಒಂದೇ ಅಂಗಳದಲ್ಲಿ ನಿಲ್ಲಿಸಿ ಮಾರುವ ಯೂಸ್ಡ್ ಕಾರ್ ಡೀಲರುಗಳೂ ತಮ್ಮ ಕಾರಿಗೆ ‘ಸರ್ಟಿಫೈಡ್’ ಎಂದು ಬೋರ್ಡು ಹಾಕುತ್ತಾರೆ. ಪದ ಒಂದೇ, ಹಿಂದೆ ನಿಂತವರು ಬೇರೆ. ಈ ಪದವನ್ನು ಯಾರು ಬೇಕಾದರೂ ಬಳಸಬಹುದು; ಅದೊಂದರಿಂದಲೇ ನಿಮಗೆ ಯಾವ ಹಕ್ಕೂ ಹುಟ್ಟುವುದಿಲ್ಲ.

ಕೈಗೆ ಬರುವ ಕಾಗದ ನಾಲ್ಕು ಬಗೆಯದಾಗಿರಬಹುದು. ಮೊದಲನೆಯದು, ಹೊಸ ಕಾರಿನ ಜೊತೆ ಬಂದ ವಾರಂಟಿಯ ಉಳಿದ ಭಾಗ, ಅಥವಾ ಮೊದಲ ಮಾಲೀಕರು ಹಣ ಕೊಟ್ಟು ತೆಗೆದುಕೊಂಡ ಎಕ್ಸ್‌ಟೆಂಡೆಡ್ ವಾರಂಟಿಯ ಉಳಿದ ಭಾಗ. ಇದು ಚಾಸಿ ನಂಬರಿಗೆ ಅಂಟಿಕೊಂಡಿರುತ್ತದೆ. ದೇಶದ ಯಾವ ಅಧಿಕೃತ ಸರ್ವೀಸ್ ಸೆಂಟರಿನ ಕಂಪ್ಯೂಟರಿನಲ್ಲೂ ಕಾಣುತ್ತದೆ. ನಾಲ್ಕರಲ್ಲಿ ಅತ್ಯಂತ ಗಟ್ಟಿಯಾದದ್ದು ಇದೇ. ಎರಡನೆಯದು, ತಯಾರಕರ ಪ್ರೀ-ಓನ್ಡ್ ಯೋಜನೆಯ ವಾರಂಟಿ. ಮೂರನೆಯದು, ಡೀಲರ್ ತನ್ನ ಲೆಟರ್‌ಹೆಡ್ಡಿನಲ್ಲಿ ಬರೆದುಕೊಡುವ ಮೂರು ಅಥವಾ ಆರು ತಿಂಗಳ ‘ಎಂಜಿನ್-ಗೇರ್‌ಬಾಕ್ಸ್ ವಾರಂಟಿ’. ನಾಲ್ಕನೆಯದು, ವಾರಂಟಿಯನ್ನೇ ವ್ಯಾಪಾರವಾಗಿಟ್ಟುಕೊಂಡ ಬೇರೆ ಕಂಪನಿಯ ಪ್ಯಾಕೇಜ್. ಡೀಲರ್ ಅದನ್ನು ಕೊಂಡು ನಿಮಗೆ ದಾಟಿಸಿರುತ್ತಾರೆ.

ಮೂರನೆಯದರ ಬೆಲೆ ಆ ಅಂಗಡಿ ಬಾಗಿಲು ತೆರೆದಿರುವಷ್ಟು ಕಾಲ. ನಾಲ್ಕನೆಯದು ಒಳ್ಳೆಯದೂ ಇರಬಹುದು, ಆದರೆ ರಿಪೇರಿ ಎಲ್ಲಿ ಮಾಡಿಸಬೇಕು ಎಂದು ಆ ಕಂಪನಿಯೇ ನಿರ್ಧರಿಸುವುದುಂಟು. ಅಧಿಕೃತ ಸರ್ವೀಸ್ ಸೆಂಟರಿಗೆ ಹೋದರೆ ಬಿಲ್ ನೀವು ಕಟ್ಟಿ ಆಮೇಲೆ ವಾಪಸ್ ಕೇಳಬೇಕಾಗಬಹುದು. ಆದ್ದರಿಂದ ಪುಸ್ತಿಕೆಯ ಮುಖಪುಟದ ಲೋಗೊ ಬಿಟ್ಟು ಒಳಗಿನ ಸಣ್ಣಕ್ಷರದಲ್ಲಿ ‘ಈ ವಾರಂಟಿಯ ಹೊಣೆ ಹೊತ್ತವರು’ ಎಂದು ಯಾರ ಹೆಸರಿದೆ, ಯಾವ ವಿಳಾಸವಿದೆ ಎಂದು ಹುಡುಕಿ. ಬ್ರಾಂಡಿನ ಹೆಸರಿನ ಯೋಜನೆಯಲ್ಲೂ ಕ್ಲೇಮ್ ಒಪ್ಪುವ ಅಧಿಕಾರ ಬೇರೆ ಆಡಳಿತ ಸಂಸ್ಥೆಯ ಕೈಯಲ್ಲಿರಬಹುದು.

ಇನ್ನೊಂದು ಮೋಸಹೋಗುವ ಜಾಗ ‘ಪಾರ್ಕ್ ಅಂಡ್ ಸೇಲ್’. ಕಾರು ಮಾಲೀಕರದು, ಅಂಗಳ ಡೀಲರದು, ಕಾಗದದಲ್ಲಿ ಮಾರುವವರು ಆ ಖಾಸಗಿ ಮಾಲೀಕರು. ನಾಳೆ ತಕರಾರು ಬಂದರೆ ‘ನಾವು ಕಮಿಷನ್ ಏಜೆಂಟ್ ಮಾತ್ರ’ ಎಂದು ಡೀಲರ್ ಕೈತೊಳೆದುಕೊಳ್ಳಬಹುದು. ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 2022ರ ಡಿಸೆಂಬರಿನಲ್ಲಿ ತಂದ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಿದೆ. ಅದರ ಪ್ರಕಾರ ಹಳೆಯ ವಾಹನ ಮಾರುವ ಡೀಲರಿಗೆ ಆರ್‌ಟಿಒ ಕೊಡುವ ಅಧಿಕಾರ ಪತ್ರ ಇರಬೇಕು, ಮಾಲೀಕರು ಕಾರನ್ನು ಅವರಿಗೆ ಒಪ್ಪಿಸಿದ್ದನ್ನು ಫಾರಂ 29ಸಿಯಲ್ಲಿ ತಿಳಿಸಿರಬೇಕು. ಈ ಎರಡನ್ನೂ ಕೇಳಿ ನೋಡಿ. ಇನ್ವಾಯ್ಸ್ ಯಾರ ಹೆಸರಿನಲ್ಲಿ ಬರುತ್ತದೆ ಎಂಬುದನ್ನೂ ಅಲ್ಲೇ ಖಚಿತಪಡಿಸಿಕೊಳ್ಳಿ. ವಾರಂಟಿಗೆ ಪ್ರತ್ಯೇಕ ಹಣ ತೆಗೆದುಕೊಂಡಿದ್ದರೆ ಅದಕ್ಕೆ ಪ್ರತ್ಯೇಕ ಜಿಎಸ್‌ಟಿ ಬಿಲ್ ಬೇಕು. ಒಪ್ಪಂದ ಆಗಿದೆ ಎಂಬುದಕ್ಕೆ ಅದೇ ಪುರಾವೆ.

ಯಾವ ದಿನದಿಂದ, ಯಾವ ದಿನದವರೆಗೆ?

ಹೊಸ ಲಕ್ಷುರಿ ಕಾರಿಗೆ ಇಲ್ಲಿ ಬ್ರಾಂಡಿಗೆ ತಕ್ಕಂತೆ 2 ಅಥವಾ 3 ವರ್ಷದ ವಾರಂಟಿ ಇರುತ್ತದೆ. ಕೆಲವು ಬ್ರಾಂಡು 5 ವರ್ಷವನ್ನೂ ಕೊಟ್ಟಿವೆ. ಈ ಎಣಿಕೆ ಶುರುವಾಗುವುದು ಕಾರು ಮೊದಲ ಬಾರಿ ಮಾರಾಟವಾದ ದಿನದಿಂದ, ನೀವು ಕೊಂಡ ದಿನದಿಂದ ಅಲ್ಲ. ಡೀಲರ್ ಡೆಮೊ ಕಾರಾಗಿ ಓಡಿಸಿದ್ದರೆ ಎಣಿಕೆ ಇನ್ನೂ ಮೊದಲೇ ಶುರುವಾಗಿರಬಹುದು. ಆರ್‌ಸಿಯಲ್ಲಿರುವ ತಯಾರಿಕೆಯ ತಿಂಗಳು, ನೋಂದಣಿಯ ದಿನ, ವಾರಂಟಿ ಶುರುವಾದ ದಿನ ಮೂರೂ ಬೇರೆಬೇರೆ. ಕೊನೆಯದು ಸರ್ವೀಸ್ ಸೆಂಟರಿನ ದಾಖಲೆಯಲ್ಲಿ ಮಾತ್ರ ಸಿಗುತ್ತದೆ.

ಒಂದು ಲೆಕ್ಕ ನೋಡೋಣ. ಕಾರು ಮೊದಲು ಮಾರಾಟವಾದದ್ದು 2021ರ ಆಗಸ್ಟ್ 12. ಮೂರು ವರ್ಷದ ಮೂಲ ವಾರಂಟಿ 2024ರ ಆಗಸ್ಟ್ 11ಕ್ಕೆ ಮುಗಿಯಿತು. ಮೊದಲ ಮಾಲೀಕರು ಇನ್ನೆರಡು ವರ್ಷ ವಿಸ್ತರಿಸಿದ್ದರಿಂದ ಅದು 2026ರ ಆಗಸ್ಟ್ 11ರವರೆಗೆ ಇದೆ. ನೀವು 2026ರ ಜನವರಿ 10ರಂದು ಒಂದು ವರ್ಷದ ‘ಸರ್ಟಿಫೈಡ್ ವಾರಂಟಿ’ಯ ಜೊತೆ ಕೊಂಡಿರಿ. ಆ ಒಂದು ವರ್ಷ ಡೆಲಿವರಿಯ ದಿನದಿಂದಲೇ ಓಡಿದರೆ 2027ರ ಜನವರಿ 9ಕ್ಕೆ ಮುಗಿಯುತ್ತದೆ. ಅದರಲ್ಲಿ ಮೊದಲ ಏಳು ತಿಂಗಳು ಹೇಗೂ ಹಳೆಯ ವಾರಂಟಿ ಇತ್ತು. ಹೊಸದಾಗಿ ಸಿಕ್ಕಿದ್ದು ಐದು ತಿಂಗಳು ಮಾತ್ರ. ಹಳೆಯದು ಮುಗಿದ ಮೇಲೆ ಹೊಸದು ಶುರು ಎಂದಿದ್ದರೆ ರಕ್ಷಣೆ 2027ರ ಆಗಸ್ಟ್ 11ರವರೆಗೆ. ಎರಡಕ್ಕೂ ಮಾರುವವರ ಬಾಯಲ್ಲಿ ‘ಒಂದು ವರ್ಷ’ ಎಂದೇ ಹೆಸರು. ಆದ್ದರಿಂದ ವರ್ಷ ಕೇಳಬೇಡಿ; ಮುಗಿಯುವ ತಾರೀಖು ಕೇಳಿ, ಅದನ್ನೇ ಬರೆಸಿಕೊಳ್ಳಿ.

ಕಿಲೋಮೀಟರಿಗೂ ಇದೇ ಮಾತು. ‘20,000 ಕಿ.ಮೀ.’ ಎಂದರೆ ಇಂದಿನಿಂದ 20,000 ಇರಬಹುದು, ‘1,00,000 ಕಿ.ಮೀ.’ ಎಂದರೆ ಮೀಟರಿನಲ್ಲಿ ಒಟ್ಟು ಒಂದು ಲಕ್ಷ ದಾಟುವವರೆಗೆ ಎಂದಿರಬಹುದು. 82,000 ಓಡಿದ ಕಾರಿಗೆ ಎರಡನೆಯ ಷರತ್ತಿದ್ದರೆ, ವಾರಕ್ಕೊಮ್ಮೆ ಬೆಂಗಳೂರಿನಿಂದ ಮೈಸೂರಿಗೆ ಹೋಗಿಬರುವವರಿಗೆ ದಿನನಿತ್ಯದ ಓಡಾಟವೂ ಸೇರಿ ಒಂದು ವರ್ಷವೂ ಬರುವುದಿಲ್ಲ.

ಯಾವ ಭಾಗಕ್ಕೆ ಇದೆ, ಯಾವುದಕ್ಕಿಲ್ಲ?

ವಾರಂಟಿ ಬರೆಯುವ ಕ್ರಮ ಎರಡು. ‘ಈ ಕೆಳಗಿನ ಭಾಗಗಳಿಗೆ ಮಾತ್ರ’ ಎಂದು ಪಟ್ಟಿ ಕೊಡುವುದು ಒಂದು. ‘ಈ ಕೆಳಗಿನವನ್ನು ಬಿಟ್ಟು ಉಳಿದೆಲ್ಲಕ್ಕೂ’ ಎನ್ನುವುದು ಇನ್ನೊಂದು. ಮೊದಲನೆಯದರಲ್ಲಿ ಪಟ್ಟಿಯಲ್ಲಿಲ್ಲದ ಪ್ರತಿಯೊಂದೂ ನಿಮ್ಮ ಖರ್ಚು. ‘ಎಂಜಿನ್’ ಎಂದು ಬರೆದಿದ್ದರೆ ಅದರಲ್ಲಿ ಟರ್ಬೊ ಇದೆಯೇ, ಇಂಜೆಕ್ಟರ್ ಇದೆಯೇ, ಹೈ ಪ್ರೆಶರ್ ಫ್ಯೂಯೆಲ್ ಪಂಪ್ ಇದೆಯೇ, ಎಲೆಕ್ಟ್ರಿಕ್ ವಾಟರ್ ಪಂಪ್ ಇದೆಯೇ? ‘ಒಳಗೆ ಎಣ್ಣೆಯಲ್ಲಿ ತೋಯುವ ಭಾಗಗಳು’ ಎಂದಿದ್ದರೆ ಈ ಹೊರಗಿನವು ಬಹುತೇಕ ಸೇರುವುದಿಲ್ಲ. ಕೈಕೊಡುವುದು ಹೆಚ್ಚಾಗಿ ಈ ಹೊರಗಿನವೇ. ಪಿಸ್ಟನ್, ಕ್ರ್ಯಾಂಕ್‌ಶಾಫ್ಟ್ ಹೋಗುವುದು ಅಪರೂಪ.

ಈ ಕಾರುಗಳಲ್ಲಿ ನಿಜವಾಗಿ ಏನು ಕೆಡುತ್ತದೆ, ಅಲ್ಲಿ ವಾರಂಟಿ ಹೇಗೆ ವರ್ತಿಸುತ್ತದೆ ಎಂಬುದನ್ನು ತುಸು ವಿವರವಾಗಿಯೇ ನೋಡಬೇಕು.

ಏರ್ ಸಸ್ಪೆನ್ಷನ್. ಸ್ಪ್ರಿಂಗಿನ ಜಾಗದಲ್ಲಿ ರಬ್ಬರಿನ ಗಾಳಿಚೀಲ ಇರುತ್ತದೆ. ವಯಸ್ಸಾದಂತೆ ರಬ್ಬರ್ ಮಡಿಕೆಯಲ್ಲಿ ಸೀಳುತ್ತದೆ, ಸ್ವಲ್ಪಸ್ವಲ್ಪ ಗಾಳಿ ಸೋರುತ್ತದೆ. ಕಾರನ್ನು ಎತ್ತರದಲ್ಲಿ ಹಿಡಿಯಲು ಕಂಪ್ರೆಸರ್ ಮತ್ತೆಮತ್ತೆ ಓಡಿ ಕೊನೆಗೆ ಬಿಸಿಯಾಗಿ ಸುಟ್ಟುಹೋಗುತ್ತದೆ. ಕ್ಲೇಮ್ ಮಾಡಿದಾಗ ‘ಗಾಳಿಚೀಲ ಸವೆಯುವ ರಬ್ಬರ್ ಭಾಗ, ಅದಕ್ಕೆ ವಾರಂಟಿಯಿಲ್ಲ, ಕಂಪ್ರೆಸರ್ ಸುಟ್ಟಿದ್ದು ಅದರಿಂದಲೇ, ಆದ್ದರಿಂದ ಅದಕ್ಕೂ ಇಲ್ಲ’ ಎಂಬ ಉತ್ತರ ಬರಬಹುದು. ಹೊರಗಿಟ್ಟ ಭಾಗದಿಂದ ಒಳಗಿನ ಭಾಗ ಕೆಟ್ಟರೆ ಏನು ಎಂಬ ಷರತ್ತು ಪುಸ್ತಿಕೆಯಲ್ಲಿ ಎಲ್ಲೋ ಒಂದೇ ಸಾಲಿನಲ್ಲಿರುತ್ತದೆ. ಇಡೀ ಕಾಗದದ ಅತ್ಯಂತ ದುಬಾರಿ ಸಾಲು ಅದೇ. ಕೊಳ್ಳುವ ಮುನ್ನ ಪರೀಕ್ಷೆ ಸುಲಭ: ಸಂಜೆ ಸಮತಟ್ಟು ನೆಲದಲ್ಲಿ ಕಾರು ನಿಲ್ಲಿಸಿ, ಚಕ್ರದ ನಡುವಿನಿಂದ ಫೆಂಡರಿನ ಅಂಚಿನವರೆಗೆ ನಾಲ್ಕೂ ಮೂಲೆ ಟೇಪಿನಲ್ಲಿ ಅಳೆಯಿರಿ. ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲು ಮತ್ತೆ ಅಳೆಯಿರಿ. ಒಂದು ಮೂಲೆ ಮಾತ್ರ ಕುಳಿತಿದ್ದರೆ ಅಲ್ಲಿ ಸೋರಿಕೆಯಿದೆ.

ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಮೆಕಾಟ್ರಾನಿಕ್ ಘಟಕ. ಗೇರ್ ಬದಲಿಸುವ ವಾಲ್ವುಗಳು, ಸೆನ್ಸರುಗಳು, ಕಂಪ್ಯೂಟರ್ ಎಲ್ಲ ಒಂದೇ ಪೆಟ್ಟಿಗೆಯಲ್ಲಿ, ಅದೂ ಬಿಸಿ ಎಣ್ಣೆಯ ನೆರೆಯಲ್ಲಿ. ನಗರದ ಟ್ರಾಫಿಕ್ಕಿನಲ್ಲಿ ಮೊದಲ ಮತ್ತು ಎರಡನೇ ಗೇರಿನ ನಡುವೆ ದಿನಕ್ಕೆ ನೂರಾರು ಸಲ ಜಗ್ಗಾಡುವ ಡ್ಯುಯೆಲ್ ಕ್ಲಚ್ ಕಾರುಗಳಲ್ಲಿ ಇದರ ಮೇಲೆ ಹೊರೆ ಹೆಚ್ಚು. ಘಟಕಕ್ಕೆ ವಾರಂಟಿ ಇದ್ದರೂ ಕ್ಲಚ್ ಪ್ಯಾಕನ್ನು ‘ಸವೆಯುವ ಭಾಗ’ ಎಂದು ಹೊರಗಿಟ್ಟಿರಬಹುದು. ಗೇರ್‌ಬಾಕ್ಸ್ ಎಣ್ಣೆ ಬದಲಿಸಿದ ದಾಖಲೆ ಇಲ್ಲದಿದ್ದರೆ ಎರಡಕ್ಕೂ ಕುತ್ತು.

ಡೀಸೆಲ್ ಕಾರಿನ ಡಿಪಿಎಫ್. ಹೊಗೆಯ ಮಸಿಯನ್ನು ಹಿಡಿದಿಟ್ಟು, ಹೈವೇಯಲ್ಲಿ ಹೊಗೆಕೊಳವೆ 600 ಡಿಗ್ರಿಯ ಆಸುಪಾಸಿಗೆ ಕಾದಾಗ ಸುಟ್ಟುಹಾಕುವ ಜಾಲರಿ ಇದು. ಮನೆಯಿಂದ ಆಫೀಸಿಗೆ ಐದು ಕಿಲೋಮೀಟರ್ ಮಾತ್ರ ಓಡುವ ಕಾರಿನಲ್ಲಿ ಆ ಬಿಸಿ ಏರುವುದೇ ಇಲ್ಲ. ಮಸಿ ತುಂಬಿ ಕಟ್ಟಿಕೊಂಡರೆ ಅದು ಬಳಕೆಯ ರೀತಿಯಿಂದ ಆದದ್ದು, ತಯಾರಿಕೆಯ ದೋಷವಲ್ಲ ಎಂದು ವಾರಂಟಿ ನಿರಾಕರಿಸುವುದೇ ಹೆಚ್ಚು. ಓಡಾಟ ಪೂರಾ ನಗರದೊಳಗೆ ಎನ್ನುವವರಿಗೆ ಪೆಟ್ರೋಲ್ ಕಾರೇ ಸರಿ. ಇದನ್ನು ಯಾವ ವಾರಂಟಿಯೂ ಸರಿದೂಗಿಸುವುದಿಲ್ಲ.

ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಕಾರಿನ ಟ್ರಾನ್ಸ್‌ಫರ್ ಕೇಸ್, ಅಂದರೆ ಆ ಶಕ್ತಿಯನ್ನು ಮುಂದಕ್ಕೂ ಹಿಂದಕ್ಕೂ ಹಂಚುವ ಪೆಟ್ಟಿಗೆ. ಎರಡು ಟೈರ್ ಹೊಸದು, ಎರಡು ಹಳೆಯದು ಹಾಕಿ ಓಡಿಸಿದರೆ ಸುತ್ತಳತೆ ಬೇರೆಯಾಗಿ ಮುಂದಿನ ಮತ್ತು ಹಿಂದಿನ ಚಕ್ರಗಳ ವೇಗ ಹೊಂದುವುದಿಲ್ಲ. ಒಳಗಿನ ಕ್ಲಚ್ ಬಿಡುವಿಲ್ಲದೆ ಜಾರುತ್ತ ಸವೆಯುತ್ತದೆ. ಕ್ಲೇಮಿಗೆ ಹೋದಾಗ ತಂತ್ರಜ್ಞರು ಮೊದಲು ಅಳೆಯುವುದೇ ಟೈರಿನ ಗೀರುಗಳ ಆಳ. ಬೇರೆಬೇರೆ ಬ್ರಾಂಡಿನ ಟೈರ್ ಕಂಡರೆ ಉತ್ತರ ಸಿದ್ಧವಾಗಿರುತ್ತದೆ. ಕೊಳ್ಳುವ ದಿನವೇ ನಾಲ್ಕೂ ಟೈರಿನ ಬ್ರಾಂಡ್, ಅಳತೆ, ಪಕ್ಕದ ಗೋಡೆಯ ಮೇಲಿನ ನಾಲ್ಕಂಕಿಯ ತಾರೀಖು ನೋಡಿ. 3523 ಎಂದರೆ 2023ರ 35ನೇ ವಾರ ತಯಾರಾದದ್ದು.

ಸನ್‌ರೂಫ್. ಅದರ ಮೂಲೆಗಳಿಂದ ನೀರು ಇಳಿಯಲು ಸಣ್ಣ ಕೊಳವೆಗಳಿವೆ. ಮರದ ಕೆಳಗೆ ನಿಲ್ಲಿಸಿದ ಕಾರಿನಲ್ಲಿ ಎಲೆ, ಹೂವಿನ ಪುಡಿ ಸೇರಿ ಅವು ಕಟ್ಟಿಕೊಳ್ಳುತ್ತವೆ. ಮಳೆಗಾಲದಲ್ಲಿ ನೀರು ಕಂಬದೊಳಗಿಂದ ಇಳಿದು ಕಾರ್ಪೆಟ್ ಅಡಿಯ ಕಂಟ್ರೋಲ್ ಮಾಡ್ಯೂಲುಗಳನ್ನು ತೋಯಿಸುತ್ತದೆ. ಮೋಟಾರಿಗೆ ವಾರಂಟಿ ಇದ್ದರೂ ‘ನೀರು ನುಗ್ಗಿ ಆದ ಹಾನಿ’ ಹೊರಗಿನ ಪಟ್ಟಿಯಲ್ಲಿರುತ್ತದೆ.

ಬ್ರೇಕ್ ಪ್ಯಾಡ್, ಡಿಸ್ಕ್, ವೈಪರ್, ಟೈರ್, 12 ವೋಲ್ಟ್ ಬ್ಯಾಟರಿ, ಬುಷ್, ಗಾಜು, ಬಣ್ಣ, ಸೀಟಿನ ಚರ್ಮ ಇವು ಬಹುತೇಕ ಎಲ್ಲ ಕಡೆಯೂ ಹೊರಗೇ. ಇಲಿ ಕಚ್ಚಿದ ವೈರಿಂಗೂ ಅಷ್ಟೇ.

ಎಷ್ಟು ರೂಪಾಯಿವರೆಗೆ?

ಕೆಲವು ವಾರಂಟಿಗಳಲ್ಲಿ ಒಂದು ಕ್ಲೇಮಿಗೆ ಇಷ್ಟು, ಇಡೀ ಅವಧಿಗೆ ಇಷ್ಟು ಎಂಬ ಮಿತಿ ಇರುತ್ತದೆ. ಮೇಲಿನ ಮೆಕಾಟ್ರಾನಿಕ್ ಉದಾಹರಣೆಯನ್ನೇ ಲೆಕ್ಕಕ್ಕಾಗಿ ಹೀಗಿಟ್ಟುಕೊಳ್ಳಿ. ಘಟಕ 2,60,000 ರೂ., ಎಣ್ಣೆ-ಫಿಲ್ಟರ್-ಸೀಲ್ 30,000, ಕೂಲಿ ಮತ್ತು ಕೋಡಿಂಗ್ 40,000. ಒಟ್ಟು 3,30,000; ಅದರ ಮೇಲೆ ಶೇ. 18 ಜಿಎಸ್‌ಟಿ 59,400. ಬಿಲ್ 3,89,400 ರೂ. ಪೂರ್ತಿ ರಕ್ಷಣೆಯ ಯೋಜನೆಯಲ್ಲಿ ನಿಮ್ಮ ಕೈಯಿಂದ ಏನೂ ಹೋಗದಿರಬಹುದು, ಅಥವಾ ಎಣ್ಣೆ-ಸೀಲುಗಳ ಖರ್ಚು ತೆರಿಗೆ ಸೇರಿ 35,400 ಹೋಗಬಹುದು. ಒಂದು ಕ್ಲೇಮಿಗೆ 2 ಲಕ್ಷ ಮಿತಿಯ ಪ್ಯಾಕೇಜಿನಲ್ಲಿ ನೀವು ಕಟ್ಟುವುದು 1,89,400. ಎರಡನ್ನೂ ‘ಗೇರ್‌ಬಾಕ್ಸ್ ಕವರ್ ಆಗುತ್ತೆ’ ಎಂದೇ ಮಾರಲಾಗುತ್ತದೆ.

ಈ ಮಿತಿಯ ಜೊತೆಗೆ ಇನ್ನೂ ಕೆಲವನ್ನು ಕೇಳಬೇಕು. ದೋಷ ಹುಡುಕಲು ಬಿಚ್ಚಿ ನೋಡುವ ಕೂಲಿ ಯಾರದು? ಬಿಚ್ಚಿದ ಮೇಲೆ ಕ್ಲೇಮ್ ಒಪ್ಪದಿದ್ದರೆ? ಕಿಲೋಮೀಟರ್ ಹೆಚ್ಚಾದಂತೆ ಬಿಡಿಭಾಗದ ಬೆಲೆಯಲ್ಲಿ ನಿಮ್ಮ ಪಾಲು ಏರುವ ಕೋಷ್ಟಕ ಇದೆಯೇ? ಕೊಂಡ ಮೊದಲ 30 ದಿನ ಕ್ಲೇಮ್ ಇಲ್ಲ ಎಂಬ ಷರತ್ತಿದೆಯೇ? ಬಿಡಿಭಾಗ ವಿದೇಶದಿಂದ ಬರಲು ವಾರಗಟ್ಟಲೆ ಹಿಡಿದರೆ ಬದಲಿ ಕಾರು ಸಿಗುತ್ತದೆಯೇ? ಕೊನೆಯದಕ್ಕೆ ಉತ್ತರ ಬಹುತೇಕ ಇಲ್ಲ ಎಂದೇ. ಆದರೂ ಕೇಳಿಡುವುದು ಒಳ್ಳೆಯದು.

ಕ್ಲೇಮ್ ಮುಳುಗಿಸುವ ಕಾರಣಗಳು

ತಪ್ಪಿಹೋದ ಸರ್ವೀಸ್ ಮೊದಲನೆಯ ಕಾರಣ. ‘ವರ್ಷಕ್ಕೊಮ್ಮೆ ಅಥವಾ ಇಷ್ಟು ಕಿ.ಮೀ., ಯಾವುದು ಮೊದಲೋ ಅದು’ ಎಂಬ ಮಾತಿನ ಮೊದಲರ್ಧವನ್ನು ಕಡಿಮೆ ಓಡಿಸುವವರು ಮರೆಯುತ್ತಾರೆ. ವರ್ಷಕ್ಕೆ 4,000 ಕಿಲೋಮೀಟರ್ ಓಡಿದ ಕಾರಿಗೂ ವರ್ಷದ ಸರ್ವೀಸ್ ಬೇಕು. ಎಣ್ಣೆ ನಿಂತಲ್ಲೇ ಕೆಡುತ್ತದೆ. ಈಗಿನ ಲಕ್ಷುರಿ ಕಾರುಗಳಲ್ಲಿ ಮುದ್ರೆ ಒತ್ತಿದ ಸರ್ವೀಸ್ ಪುಸ್ತಕದ ಬದಲು ಡಿಜಿಟಲ್ ದಾಖಲೆ ಇದೆ, ತಿದ್ದಲು ಬರುವುದಿಲ್ಲ. ಹಿಂದಿನ ಮಾಲೀಕರು ಬಿಟ್ಟ ಸರ್ವೀಸಿನ ಹೊಣೆಯೂ ನಿಮ್ಮ ತಲೆಗೇ ಬರುತ್ತದೆ.

ಎರಡನೆಯದು ಎಂಜಿನ್ ರೀಮ್ಯಾಪ್, ಅಂದರೆ ಶಕ್ತಿ ಹೆಚ್ಚಿಸಲು ಎಂಜಿನ್ನಿನ ಸಾಫ್ಟ್‌ವೇರ್ ಬದಲಿಸುವುದು. ‘ಸ್ಟೇಜ್ ಒನ್ ಮಾಡಿಸಿ, ಮಾರುವ ಮುಂಚೆ ವಾಪಸ್ ಸ್ಟಾಕ್‌ಗೆ ತಂದರೆ ಗೊತ್ತಾಗಲ್ಲ’ ಎಂಬ ನಂಬಿಕೆ ತಪ್ಪು. ಸಾಫ್ಟ್‌ವೇರ್ ಎಷ್ಟು ಸಲ ಬರೆಯಲಾಗಿದೆ ಎಂಬ ಲೆಕ್ಕ ಕಂಟ್ರೋಲ್ ಯೂನಿಟ್ಟಿನಲ್ಲಿ ಉಳಿಯುತ್ತದೆ. ಫೋಕ್ಸ್‌ವ್ಯಾಗನ್ ಸಮೂಹದ ಕಾರುಗಳಲ್ಲಿ, ಔಡಿಯೂ ಸೇರಿ, ತಯಾರಕರ ಸರ್ವರ್ ಅಂಥ ಕಾರಿನ ಮೇಲೆ ‘ಟಿಡಿ1’ ಎಂಬ ಗುರುತು ಹಾಕುತ್ತದೆ. ಒಮ್ಮೆ ಬಿದ್ದರೆ ಎಂಜಿನ್, ಗೇರ್‌ಬಾಕ್ಸ್ ಕ್ಲೇಮುಗಳಿಗೆ ಬಾಗಿಲು ಮುಚ್ಚಿದಂತೆಯೇ. ನೀವು ಮಾಡಿಸದಿದ್ದರೂ ಹಿಂದಿನವರು ಮಾಡಿಸಿದ್ದರೆ ಸಾಕು.

ಮೂರನೆಯದು ಎಚ್ಚರಿಕೆ ದೀಪ ಉರಿದ ಮೇಲೂ ಓಡಿಸಿದ್ದು. ಕೂಲೆಂಟ್ ಸೋರಿ ಕೆಂಪು ದೀಪ ಬಂದಾಗ ನಿಲ್ಲಿಸಿದ್ದರೆ ಒಂದು ವಾಟರ್ ಪಂಪ್. ‘ಮನೆ ಹತ್ತಿರವೇ ಇದೆ’ ಎಂದು ನಾಲ್ಕು ಕಿಲೋಮೀಟರ್ ಓಡಿಸಿದರೆ ಸಿಲಿಂಡರ್ ಹೆಡ್ ಸೊಟ್ಟಗಾಗುತ್ತದೆ. ದೀಪ ಯಾವಾಗ ಬಂತು, ಆಮೇಲೆ ಎಷ್ಟು ಓಡಿತು ಎಂಬುದನ್ನು ಕಾರೇ ದಾಖಲಿಸಿಟ್ಟಿರುತ್ತದೆ.

ನಾಲ್ಕನೆಯದು ಮಳೆನೀರು. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯ ಸುತ್ತಲಿನ ಬಡಾವಣೆಗಳಲ್ಲಿ ಐಷಾರಾಮಿ ಕಾರುಗಳು ಬಾನೆಟ್‌ವರೆಗೆ ಮುಳುಗಿದ್ದನ್ನು ಇಡೀ ದೇಶ ನೋಡಿದೆ. ನೀರಿನ ಹಾನಿ ವಾರಂಟಿಯ ವಿಷಯವೇ ಅಲ್ಲ. ಅದು ವಿಮೆಯ ವಿಷಯ. ಅದರಲ್ಲೂ ಮುಳುಗಿದ ಎಂಜಿನ್ ಸ್ಟಾರ್ಟ್ ಮಾಡಿ ಒಳಗೆ ನೀರು ಸಿಕ್ಕಿ ಕನೆಕ್ಟಿಂಗ್ ರಾಡ್ ಬಾಗಿದರೆ, ಎಂಜಿನ್ ಪ್ರೊಟೆಕ್ಟ್ ಎಂಬ ಹೆಚ್ಚುವರಿ ರಕ್ಷಣೆ ಇಲ್ಲದ ಸಾಮಾನ್ಯ ಪಾಲಿಸಿಯೂ ಕೈಬಿಡಬಹುದು. ಹಳೆಯ ಕಾರಿನ ವಿಮೆಯನ್ನು ನಿಮ್ಮ ಹೆಸರಿಗೆ ಮಾಡಿಸಲು 14 ದಿನದೊಳಗೆ ಕಂಪನಿಗೆ ತಿಳಿಸಬೇಕು. ಹಿಂದಿನವರ ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮ್ ಮಾಡದ ವರ್ಷಗಳಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ, ನಿಮಗೆ ಬರುವುದಿಲ್ಲ.

ಆ ಬೋನಸ್ಸಿನ ಶೇಕಡಾವಾರೇ ಒಂದು ಸುಳಿವೂ ಹೌದು. ಅದು 20, 25, 35, 45, 50 ಎಂದು ವರ್ಷಕ್ಕೊಂದು ಮೆಟ್ಟಿಲು ಏರುತ್ತದೆ. ಐದು ವರ್ಷದ ಕಾರಿನ ಪಾಲಿಸಿಯಲ್ಲಿ ಶೂನ್ಯ ಇದ್ದರೆ ಹಿಂದಿನ ವರ್ಷ ಕ್ಲೇಮ್ ಆಗಿರುವ ಸಾಧ್ಯತೆ ಇದೆ. ಬೋನಸ್ ಮಾಲೀಕರಿಗೆ ಸೇರಿದ್ದು, ಕಾರಿಗಲ್ಲ. ಹಾಗಾಗಿ ಇದು ಪೂರ್ತಿ ಪುರಾವೆಯಲ್ಲ, ಇನ್ನೊಂದು ಪ್ರಶ್ನೆ ಕೇಳಲು ಕಾರಣ ಅಷ್ಟೇ.

ಹೊರಗಿನ ಗ್ಯಾರೇಜಿಗೆ ಹೋದರೆ?

ಯೂಟ್ಯೂಬಿನಲ್ಲಿ ಸಿಗುವ ವಿವರಣೆಗಳು ಬಹುಪಾಲು ಅಮೆರಿಕದವು. ಅಲ್ಲಿಯ ನಿಯಮ ಇಲ್ಲಿಗೆ ಹೊಂದುವುದಿಲ್ಲ. ಅಲ್ಲಿ ಬಿಎಂಡಬ್ಲ್ಯು ಮೂಲ 4 ವರ್ಷ ಅಥವಾ 50,000 ಮೈಲಿಯ ವಾರಂಟಿ ಮುಗಿದ ಮೇಲೆ ಪ್ರೀ-ಓನ್ಡ್ ಕಾರಿಗೆ 1 ವರ್ಷ ಮೈಲಿ ಮಿತಿಯಿಲ್ಲದೆ ಕೊಡುತ್ತದೆ, ಲೆಕ್ಸಸ್ 2 ವರ್ಷ. 1975ರ ಮ್ಯಾಗ್ನಸನ್-ಮಾಸ್ ಕಾಯ್ದೆಯ ಪ್ರಕಾರ, ಹೊರಗಿನ ಗ್ಯಾರೇಜಿನಲ್ಲಿ ಸರ್ವೀಸ್ ಮಾಡಿಸಿದಿರಿ ಎಂಬ ಒಂದೇ ಕಾರಣಕ್ಕೆ ಅಲ್ಲಿ ವಾರಂಟಿ ನಿರಾಕರಿಸುವಂತಿಲ್ಲ. ಅಲ್ಲಿರುವ ಕನ್ನಡಿಗರು ಡೀಲರ್ ಕಾರಿನ ಗಾಜಿಗೆ ಅಂಟಿಸಲೇಬೇಕಾದ ‘ಬೈಯರ್ಸ್ ಗೈಡ್’ ಹಾಳೆಯಲ್ಲಿ ‘ಆಸ್ ಈಸ್’ ಎಂಬ ಚೌಕಕ್ಕೆ ಗುರುತಿದೆಯೋ ವಾರಂಟಿಯ ಚೌಕಕ್ಕೋ ಎಂದು ಮೊದಲು ನೋಡಬೇಕು.

ಭಾರತದಲ್ಲಿ ಅಂಥ ನೇರ ಕಾಯ್ದೆ ಇಲ್ಲ. ಆದರೆ ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟ್ 25ರಂದು 14 ಕಾರು ಕಂಪನಿಗಳ ವಿರುದ್ಧ ಕೊಟ್ಟ ಆದೇಶ ತಿಳಿದಿರಲಿ. ಬಿಡಿಭಾಗಗಳನ್ನು ಹೊರಗಿನವರಿಗೆ ಸಿಗದಂತೆ ಹಿಡಿದಿಟ್ಟಿದ್ದಕ್ಕೆ ಒಟ್ಟು 2,544.65 ಕೋಟಿ ರೂ. ದಂಡ ಹಾಕಿದ ಆ ಆದೇಶದಲ್ಲಿ ವಾರಂಟಿಯ ಬಗ್ಗೆಯೂ ನಿರ್ದೇಶನವಿತ್ತು: ಹೊರಗೆ ರಿಪೇರಿ ಮಾಡಿಸಿದರೆ ಇಡೀ ವಾರಂಟಿ ರದ್ದು ಎಂಬ ಸಾರಾಸಗಟು ಷರತ್ತು ಕೂಡದು, ಆ ರಿಪೇರಿಯ ತಪ್ಪಿನಿಂದ ಹಾನಿಯಾಗಿದ್ದರೆ ಅಷ್ಟರ ಮಟ್ಟಿಗೆ ಮಾತ್ರ ನಿರಾಕರಿಸಬಹುದು. ಕಂಪನಿಗಳು ಮೇಲ್ಮನವಿಗೆ ಹೋದವು. ಆದ್ದರಿಂದ ಈ ಆದೇಶ ವಾದಕ್ಕೆ ಆಧಾರವಾದೀತು, ಸರ್ವೀಸ್ ಕೌಂಟರಿನಲ್ಲಿ ತೋರಿಸಿದ ಕೂಡಲೇ ಕೆಲಸ ಆಗಲಿಕ್ಕಿಲ್ಲ. ವಾರಂಟಿ ಇರುವಷ್ಟು ಕಾಲ ಅಧಿಕೃತ ಸೆಂಟರಿನಲ್ಲೇ ಸರ್ವೀಸ್ ಮಾಡಿಸಿ. ಪಂಕ್ಚರ್, ಟೈರ್, ಬ್ಯಾಟರಿಗೆ ಹೊರಗೆ ಹೋದರೂ ಬಿಲ್ ಇಟ್ಟುಕೊಳ್ಳಿ.

ಎಲೆಕ್ಟ್ರಿಕ್ ಕಾರಿನ ಬ್ಯಾಟರಿ

ಇಲ್ಲಿ ಕೊಳ್ಳುವವರಿಗೆ ಒಂದು ಅನುಕೂಲವಿದೆ. ದೊಡ್ಡ ಬ್ಯಾಟರಿಗೆ ಪ್ರತ್ಯೇಕ, ಉದ್ದನೆಯ ವಾರಂಟಿ ಇರುತ್ತದೆ: ಬಿಎಂಡಬ್ಲ್ಯು ಐ4, ಔಡಿ ಇ-ಟ್ರಾನ್‌ಗಳಿಗೆ 8 ವರ್ಷ ಅಥವಾ 1,60,000 ಕಿ.ಮೀ., ಮರ್ಸಿಡಿಸ್ ಇಕ್ಯುಎಸ್‌ಗೆ 10 ವರ್ಷ ಅಥವಾ 2,50,000 ಕಿ.ಮೀ. ಸಾಮರ್ಥ್ಯ ಶೇ. 70ಕ್ಕಿಂತ ಕೆಳಗಿಳಿದರೆ ಹೊಣೆ ತಯಾರಕರದು. ಆದರೆ ಬ್ಯಾಟರಿಯ ಅಡಿಯ ತಟ್ಟೆಗೆ ರೋಡ್ ಹಂಪ್ ತಾಗಿ ನೆಗ್ಗಿದ ಗುರುತಿದ್ದರೆ ಅದನ್ನು ಅಪಘಾತದ ಹಾನಿ ಎಂದು ಪರಿಗಣಿಸುತ್ತಾರೆ. ಕಾರನ್ನು ಲಿಫ್ಟಿಗೆ ಏರಿಸಿ ಅಡಿ ನೋಡದೆ ಎಲೆಕ್ಟ್ರಿಕ್ ಕಾರು ಕೊಳ್ಳಬೇಡಿ. ಸರ್ವೀಸ್ ಸೆಂಟರಿನಿಂದ ಬ್ಯಾಟರಿ ಆರೋಗ್ಯದ ವರದಿ ಮುದ್ರಿಸಿ ಕೊಡುವಂತೆ ಕೇಳಿ. ಚಾರ್ಜರ್, ಮೋಟಾರ್, ಇನ್ವರ್ಟರ್‌ಗಳು ಆ ಉದ್ದನೆಯ ವಾರಂಟಿಯಲ್ಲಿ ಸೇರಿವೆಯೇ ಎಂಬುದು ಬ್ರಾಂಡಿನಿಂದ ಬ್ರಾಂಡಿಗೆ ಬೇರೆ.

ಟೋಕನ್ ಕೊಡುವ ಮುನ್ನ

ಮೊದಲು 17 ಅಕ್ಷರಾಂಕಿಗಳ ಚಾಸಿ ನಂಬರ್ ತೆಗೆದುಕೊಳ್ಳಿ. ಮುಂದಿನ ಗಾಜಿನ ಕೆಳಮೂಲೆಯಲ್ಲಿ ಮತ್ತು ಬಾಗಿಲ ಕಂಬದಲ್ಲಿರುವುದು ಆರ್‌ಸಿಯ ಜೊತೆ ತಾಳೆಯಾಗಬೇಕು. ಅದನ್ನು ಹಿಡಿದು, ಮಾರುತ್ತಿರುವ ಡೀಲರನ್ನು ಬಿಟ್ಟು ಅದೇ ಬ್ರಾಂಡಿನ ಬೇರೊಂದು ಸರ್ವೀಸ್ ಸೆಂಟರಿಗೆ ಹೋಗಿ. ವಾರಂಟಿ ಶುರುವಾದ ಮತ್ತು ಮುಗಿಯುವ ದಿನ, ಸರ್ವೀಸಿನ ಪ್ರತಿ ಭೇಟಿಯ ಕಿಲೋಮೀಟರ್, ಬಾಕಿ ಇರುವ ರೀಕಾಲ್ ಕೆಲಸ (ದೋಷ ಸರಿಪಡಿಸಲು ತಯಾರಕರೇ ಕಾರನ್ನು ವಾಪಸ್ ಕರೆದದ್ದು), ವಾರಂಟಿ ತಡೆಹಿಡಿದ ಗುರುತು ಇದೆಯೇ ಎಂದು ಕೇಳಿ. ಮಾಲೀಕರ ಒಪ್ಪಿಗೆ ಬೇಕೆಂದರೆ ಅದನ್ನು ಮಾರುವವರಿಂದ ಬರೆಸಿ ತನ್ನಿ. ಒಪ್ಪಿಗೆ ಕೊಡಲು ಹಿಂದೇಟು ಹಾಕುವವರ ಕಾರು ಬೇಡ.

ಆಮೇಲೆ ಅಲ್ಲೇ ಹಣ ಕೊಟ್ಟು ಪರೀಕ್ಷೆ ಮಾಡಿಸಿ: ಎಲ್ಲ ಮಾಡ್ಯೂಲುಗಳ ಸ್ಕ್ಯಾನ್, ತಣ್ಣಗಿರುವಾಗ ಸ್ಟಾರ್ಟ್, ಬಣ್ಣದ ದಪ್ಪ ಅಳೆಯುವ ಮೀಟರಿನಿಂದ ಪ್ರತಿ ಪ್ಯಾನೆಲ್. ಸ್ಕ್ಯಾನಿನಲ್ಲಿ ‘ದೋಷ ಯಾವುದೂ ಇಲ್ಲ’ ಎಂದು ಬಂದರೂ ಹಳೆಯ ದೋಷದ ಕೋಡ್ ಅಳಿಸಿದ ಮೇಲೆ ಎಷ್ಟು ದೂರ ಓಡಿದೆ ಎಂದು ನೋಡಿಸಿ. 12 ಕಿಲೋಮೀಟರ್ ಎಂದಿದ್ದರೆ ನಿನ್ನೆಯಷ್ಟೇ ಯಾರೋ ಅಳಿಸಿದ್ದಾರೆ. ಮೀಟರಿನ ಸಂಖ್ಯೆ ಬೇರೆ ಮಾಡ್ಯೂಲುಗಳಲ್ಲೂ ಉಳಿದಿರುತ್ತದೆ, ಹೋಲಿಸಿ ನೋಡಲು ಹೇಳಿ. ಈ ವರದಿಗೆ ಇನ್ನೊಂದು ಉಪಯೋಗವಿದೆ: ‘ಮೊದಲೇ ಇದ್ದ ದೋಷ’ ಎಂದು ಮುಂದೆ ಯಾರಾದರೂ ಕ್ಲೇಮ್ ತಳ್ಳಿಹಾಕಿದರೆ ಆ ದಿನ ದೋಷ ಇರಲಿಲ್ಲ ಎಂದು ತೋರಿಸುವ ಕಾಗದ ಇದೇ.

ದೆಹಲಿ ನೋಂದಣಿಯ ಕಾರಾದರೆ ಇನ್ನಷ್ಟು ಎಚ್ಚರ. ರಾಷ್ಟ್ರ ರಾಜಧಾನಿ ವಲಯದಲ್ಲಿ 10 ವರ್ಷ ದಾಟಿದ ಡೀಸೆಲ್ ಕಾರಿನ ಮೇಲೆ ವರ್ಷಗಟ್ಟಲೆ ಇದ್ದ, 2025ರಲ್ಲಿ ಸುಪ್ರೀಂ ಕೋರ್ಟ್ ಸಡಿಲಿಸಿದ ನಿರ್ಬಂಧದಿಂದ ಅಲ್ಲಿ ಬೆಲೆ ಬೇಗ ಕುಸಿದು, ಒಳ್ಳೆಯ ಕಾರುಗಳೂ ದಕ್ಷಿಣಕ್ಕೆ ಬಂದಿವೆ. ಮಾರಿದ ಡೀಲರ್ ಅಲ್ಲಿಯವರಾದರೆ ಕ್ಲೇಮನ್ನು ಬೆಂಗಳೂರು, ಮಂಗಳೂರು, ಹುಬ್ಬಳ್ಳಿಯಲ್ಲಿ ಮಾಡಬಹುದೇ, ಅವರ ಬಳಿಗೇ ಒಯ್ಯಬೇಕೇ ಎಂದು ಬರೆಸಿಕೊಳ್ಳಿ. ವಾರಂಟಿ ಹೊಸ ಮಾಲೀಕರ ಹೆಸರಿಗೆ ವರ್ಗವಾಗಲು ಅರ್ಜಿ, ಶುಲ್ಕ, ಗಡುವು ಇರಬಹುದು. ಎನ್‌ಒಸಿ, ಕರ್ನಾಟಕದ ಜೀವಾವಧಿ ತೆರಿಗೆ, ಆರ್‌ಸಿ ಬದಲಾವಣೆಗೆ ತಿಂಗಳುಗಳು ಹಿಡಿದರೆ ಅಷ್ಟರಲ್ಲಿ ಆ ಗಡುವು ಮುಗಿದಿರುತ್ತದೆ. ಆದ್ದರಿಂದ ವಾರಂಟಿ ವರ್ಗಾವಣೆಯ ಅರ್ಜಿಯನ್ನು ಡೆಲಿವರಿಯ ದಿನವೇ, ಇನ್ವಾಯ್ಸ್ ಮತ್ತು ಮಾಲೀಕತ್ವ ವರ್ಗಾವಣೆಯ, ಸಹಿಯಾದ ಫಾರಂ 29, 30ರ ಪ್ರತಿಗಳೊಂದಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ.

ಕೆಟ್ಟಾಗ ಮತ್ತು ‘ಆಗಲ್ಲ’ ಎಂದಾಗ

ದೀಪ ಬಂದರೆ ಕಾರು ಬದಿಗೆ ನಿಲ್ಲಿಸಿ, ಪರದೆಯ ಸಂದೇಶ ಮತ್ತು ಮೀಟರಿನ ಫೋಟೊ ತೆಗೆಯಿರಿ, ರೋಡ್‌ಸೈಡ್ ಅಸಿಸ್ಟೆನ್ಸ್ ಕರೆಸಿ ಟೋ ಮಾಡಿಸಿ. ಜಾಬ್ ಕಾರ್ಡಿನಲ್ಲಿ ‘ಜನರಲ್ ಚೆಕಪ್’ ಎಂದು ಬರೆಯಲು ಬಿಡಬೇಡಿ. ‘ತಣ್ಣಗಿದ್ದಾಗ ಎರಡನೇ ಗೇರಿಗೆ ಬೀಳುವಾಗ ಜಗ್ಗುತ್ತದೆ’ ಎಂಬಂತೆ ಲಕ್ಷಣವನ್ನೇ ಬರೆಸಿ. ವಾರಂಟಿಯವರ ಒಪ್ಪಿಗೆ ಬರುವ ಮೊದಲು ಬಿಚ್ಚಲು ಸಹಿ ಹಾಕಬೇಡಿ. ತೆಗೆದ ಹಳೆಯ ಭಾಗವನ್ನು ವಿವಾದ ಮುಗಿಯುವವರೆಗೆ ಇಟ್ಟುಕೊಳ್ಳುವಂತೆ ಇಮೇಲ್ ಮಾಡಿ.

ನಿರಾಕರಿಸಿದರೆ ಬಾಯಿಮಾತಿಗೆ ಒಪ್ಪಬೇಡಿ. ಯಾವ ಷರತ್ತಿನ ಪ್ರಕಾರ, ಯಾವ ತಾಂತ್ರಿಕ ಕಾರಣಕ್ಕೆ ಎಂದು ಲಿಖಿತ ಉತ್ತರ ಕೇಳಿ. ಕೌಂಟರಿನಲ್ಲಿ ಕಠಿಣವಾಗಿದ್ದವರು ಕಾಗದದ ಮೇಲೆ ಮೆತ್ತಗಾಗುವುದುಂಟು. ಡೀಲರ್, ಅನಂತರ ತಯಾರಕರ ಗ್ರಾಹಕ ವಿಭಾಗ, ಆಮೇಲೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಅದಾದ ಮೇಲೆ ಗ್ರಾಹಕ ಆಯೋಗ: ಕೊಟ್ಟ ಬೆಲೆ 50 ಲಕ್ಷದವರೆಗಿದ್ದರೆ ಜಿಲ್ಲಾ ಆಯೋಗ, 2 ಕೋಟಿವರೆಗೆ ರಾಜ್ಯ ಆಯೋಗ. 2019ರ ಕಾಯ್ದೆಯಲ್ಲಿ ನೀವು ವಾಸಿಸುವ ಅಥವಾ ಕೆಲಸ ಮಾಡುವ ಊರಿನಲ್ಲೇ ದೂರು ಕೊಡಬಹುದು. ದೆಹಲಿಯ ಡೀಲರ್ ಮೇಲೆ ಧಾರವಾಡದಲ್ಲೂ ಸರಿ. ಗಡುವು ಕಾರಣ ಉಂಟಾದ ದಿನದಿಂದ 2 ವರ್ಷ. ಬೆಲೆ 20ರಿಂದ 50 ಲಕ್ಷದೊಳಗಿದ್ದರೆ ಶುಲ್ಕ 1,000 ರೂ. ಕಾರು ಕಂಪನಿಯ ಹೆಸರಿನಲ್ಲಿದ್ದರೆ ‘ವಾಣಿಜ್ಯ ಉದ್ದೇಶ, ನೀವು ಗ್ರಾಹಕರೇ ಅಲ್ಲ’ ಎಂಬ ವಾದ ಎದುರಾಗುತ್ತದೆ. ನಿರ್ದೇಶಕರ ಸ್ವಂತ ಓಡಾಟಕ್ಕೆ ಕಂಪನಿ ಕೊಂಡ ಕಾರು ಅದೊಂದರಿಂದಲೇ ವಾಣಿಜ್ಯ ಉದ್ದೇಶದ್ದಾಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2024ರ ಜುಲೈನಲ್ಲಿ ಐಷಾರಾಮಿ ಕಾರಿನ ಪ್ರಕರಣವೊಂದರಲ್ಲೇ ಹೇಳಿದೆ.

ಆಯೋಗದ ಮುಂದೆ ನಿಲ್ಲುವುದು ಪರಿಣತರ ವರದಿ. ಕಾರು ಬಿಚ್ಚಿ, ಹೊಸ ಭಾಗ ಹಾಕಿ, ಹಳೆಯದನ್ನು ಗುಜರಿಗೆ ಕೊಟ್ಟ ಮೇಲೆ ದೋಷ ಯಾರದೆಂದು ತೋರಿಸಲು ಏನೂ ಉಳಿದಿರುವುದಿಲ್ಲ. ತುರ್ತಾಗಿ ಕಾರು ಬೇಕೇಬೇಕು ಎಂದಾದರೆ, ಬಿಚ್ಚುವ ದಿನ ಪರವಾನಗಿ ಪಡೆದ ಸ್ವತಂತ್ರ ಸರ್ವೇಯರ್ ಒಬ್ಬರನ್ನು ಎದುರಿಗೆ ನಿಲ್ಲಿಸಿ ಫೋಟೊ ಸಹಿತ ವರದಿ ಬರೆಸಿ. ಬಿಲ್ಲಿನ ಹಣವನ್ನು ‘ತಕರಾರಿನೊಂದಿಗೆ ಪಾವತಿ’ ಎಂದು ಬರೆದೇ ಕಟ್ಟಿ, ಹಳೆಯ ಭಾಗವನ್ನು ಪೆಟ್ಟಿಗೆಯಲ್ಲಿ ಹಾಕಿಸಿ ಸೀಲ್ ಮಾಡಿಸಿ ಮನೆಗೆ ತನ್ನಿ.